ಹುಣಸೆ ಬೀಜದ ಪೇಟೆಂಟು

ತುಮಕೂರಿನ ಪಕ್ಕದ ವಸಂತನರಸಾಪುರದ ನಮ್ಮ ಕಾರ್ಖಾನೆಯಲ್ಲಿ ತಯಾರಾಗುವುದು ಕಚೇರಿ, ಆಸ್ಪತ್ರೆ, ಸಭಾಂಗಣಗಳ ಚಾವಣಿಗೆ ಕೂರಿಸುವ ಬಿಳಿ ಹಲಗೆಗಳು. ಎರಡಡಿಗೆ ಎರಡಡಿ ಅಳತೆ, ಮೈತುಂಬ ಸೂಜಿಯಲ್ಲಿ ಚುಚ್ಚಿದಂಥ ತೂತು. ಕಲ್ಲನ್ನೂ ಉಕ್ಕಿನ ಕಾರ್ಖಾನೆಯ ಕಿಟ್ಟವನ್ನೂ ಕರಗಿಸಿ ಎಳೆ ತೆಗೆದರೆ ಒಂದು ಥರದ ಉಣ್ಣೆ ಬರುತ್ತದೆ. ಮಿನರಲ್ ವೂಲ್ ಅನ್ನುತ್ತೇವೆ. ಅದನ್ನು ನೀರಿನಲ್ಲಿ ಕದಡಿ, ಮೆಕ್ಕೆಜೋಳದ ಸ್ಟಾರ್ಚನ್ನು ಅಂಟಾಗಿ ಬೆರೆಸಿ, ಓಡುವ ಜಾಲರಿಯ ಮೇಲೆ ಹರಿಸಿ, ನೀರು ಬಸಿದು ಒಣಗಿಸಿದರೆ ಹಲಗೆಯಾಗುತ್ತದೆ. ಕೋಣೆಯೊಳಗಿನ ಗದ್ದಲವನ್ನು ಅದು ಹೀರಿಕೊಳ್ಳುತ್ತದೆ. ಅಲ್ಲಿನ ಲ್ಯಾಬಿನಲ್ಲಿ ನಾನು ಹದಿನಾರು ವರ್ಷದಿಂದ ಇದ್ದೇನೆ.

ಆ ಹಲಗೆಗೆ ಒಂದು ರೋಗವಿತ್ತು. ಮಳೆಗಾಲದಲ್ಲಿ ತೇವ ಕುಡಿದು ನಡು ಬಗ್ಗುತ್ತಿತ್ತು. ಕರಾವಳಿಯ ಗಿರಾಕಿಗಳು ಜೋತುಬಿದ್ದ ಚಾವಣಿಯ ಫೋಟೊ ತೆಗೆದು ಕಳಿಸುತ್ತಿದ್ದರು. ಇದಕ್ಕೆ ಮದ್ದು ಕಂಡುಹಿಡಿದರೆ ಲ್ಯಾಬಿನವನೇ ಕಂಡುಹಿಡಿಯಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು. ಲ್ಯಾಬಿನವನು ಅಂದರೆ ನಾನು. ಆರು ವರ್ಷ ಹೆಣಗಾಡಿದೆ. ಬೆನ್ನಿಗೆ ರೆಸಿನ್ ಬಳಿದೆ, ಜೇಡಿಮಣ್ಣು ಹೆಚ್ಚಿಸಿದೆ, ಸ್ಟಾರ್ಚ್ ಬದಲಿಸಿದೆ. ಬಗ್ಗುವುದು ನಿಂತರೆ ಸದ್ದು ಹೀರುವುದೂ ನಿಲ್ಲುತ್ತಿತ್ತು. ಸದ್ದು ಹೀರಿದರೆ ಮತ್ತೆ ಬಗ್ಗುತ್ತಿತ್ತು.

ಕೊರೊನಾ ಕಳೆದು ಕಾರ್ಖಾನೆ ಮತ್ತೆ ಪೂರ್ತಿ ಓಡಲು ಶುರುವಾದ ವರ್ಷ ಆಕೆ ಕೆಲಸಕ್ಕೆ ಸೇರಿದಳು. ಹುಲಿಯೂರುದುರ್ಗದ ಕಡೆಯವಳು, ಎಂ.ಎಸ್ಸಿ. ಮಾಡಿದ್ದಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಕುಣಿಗಲ್‌ನಲ್ಲಿ ಗಂಡನ ಮನೆ. ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು ಅಲ್ಲಿಂದ ಕಂಪನಿ ವ್ಯಾನ್ ಹತ್ತುತ್ತಿದ್ದಳು. ಮೊದಮೊದಲು ಆಕೆಯೆಂದರೆ ನನಗೆ ಇಷ್ಟವೇ. ಕೆಲಸ ಹೇಳಿಕೊಟ್ಟವನು ನಾನು. ಹಲಗೆಯ ಮೂಲೆಯನ್ನು ಬೆರಳಲ್ಲಿ ಮುರಿದು, ಒಳಗಿನ ಬಣ್ಣ ನೋಡಿ ಎಷ್ಟು ಒಣಗಿದೆ ಎಂದು ಅಂದಾಜು ಮಾಡುವುದನ್ನು ಕಲಿಸಿದ್ದೂ ನಾನೇ.

ಒಂದು ಸೋಮವಾರ ಆಕೆ ಸ್ಟೀಲ್ ಡಬ್ಬಿಯೊಂದನ್ನು ನನ್ನ ಮೇಜಿನ ಮೇಲಿಟ್ಟಳು.

"ಸರ್, ಇದನ್ನ ಸ್ಟಾರ್ಚ್ ಬದ್ಲು ಒಂದ್ಸಲ ಹಾಕಿ ನೋಡ್ಲಾ?"

ಒಳಗಿದ್ದದ್ದು ಕೆನೆಬಣ್ಣದ ತರಿ ಹಿಟ್ಟು. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು ಬೀಸಿದ್ದು. ತುಮಕೂರಿನ ಮಂಡಿಯಲ್ಲಿ ಹುಣಸೆಹಣ್ಣು ಕುಟ್ಟುವ ಹೆಂಗಸರ ಹತ್ತಿರ ಹೋಗಿ ಬೀಜ ತಂದಿದ್ದಳಂತೆ. ಆಕೆಯ ಅಜ್ಜಿಯ ಮನೆಯಲ್ಲಿ ಕಂಬಳಿ ನೇಯುತ್ತಿದ್ದರು. ಉಣ್ಣೆಯ ದಾರಕ್ಕೆ ಹುಣಸೆ ಬೀಜದ ಅಂಟು ಬಳಿಯುವುದನ್ನು ಚಿಕ್ಕಂದಿನಲ್ಲಿ ನೋಡಿದ್ದಳು. "ಅದೂ ಉಣ್ಣೆ, ಇದೂ ಉಣ್ಣೆ ಅಲ್ವಾ ಸರ್," ಅಂದಳು.

ನಾನು ನಕ್ಕೆ. "ನೋಡಮ್ಮ, ನೋಡು," ಅಂದೆ.

ಮೊದಲ ಸಲ ಹಿಟ್ಟು ತಣ್ಣೀರಿನಲ್ಲೇ ಊದಿಕೊಂಡು ಲೋಳೆಯಾಗಿ ಜಾಲರಿಯನ್ನು ಕಟ್ಟಿಹಾಕಿತು. ಬೇಯಿಸಿ ಹಾಕಿದಾಗ ಇನ್ನೂ ಕೆಟ್ಟದಾಯಿತು. ನೀರು ಬಸಿಯಲೇ ಇಲ್ಲ. ಒಳಗೊಳಗೇ ನೆಮ್ಮದಿ ಪಟ್ಟೆ. ಆದರೆ ಆಕೆ ಬಿಡಲಿಲ್ಲ. ಮೂರು ತಿಂಗಳು ಊಟದ ಬಿಡುವಿನಲ್ಲೆಲ್ಲ ಬೀಕರುಗಳನ್ನು ಸಾಲಾಗಿಟ್ಟುಕೊಂಡು ಕೂತಳು. ಕೊನೆಗೆ ಬೇಯಿಸದ ಹಸಿ ಹಿಟ್ಟನ್ನು ಮೊದಲು ಬಿಳಿಗಾರದ, ಅಂದರೆ ಬೋರಾಕ್ಸಿನ, ನೀರಿನಲ್ಲಿ ನೆನೆಸಿಟ್ಟು ಆಮೇಲೆ ಬೆರೆಸಿದಳು. ಆಗ ಹಿಟ್ಟಿನ ಕಾಳು ಊದಲಿಲ್ಲ. ನೀರು ಸಲೀಸಾಗಿ ಬಸಿದುಹೋಯಿತು. ಡ್ರೈಯರಿನ ಬಿಸಿಗೆ ಹೋದ ಮೇಲೆ ಮಾತ್ರ ಒಡೆದು ಎಳೆ ಎಳೆಯನ್ನೂ ಹಿಡಿದುಕೊಂಡಿತು. ಹಲಗೆ ಹಗುರವಾಗಿತ್ತು, ತಟ್ಟಿದರೆ ಗಟ್ಟಿಯಾಗಿತ್ತು.

ಅದನ್ನು ಕೈಯಲ್ಲಿ ಹಿಡಿದಾಗಲೇ ನನಗೆ ತಿಳಿದುಹೋಯಿತು. ವರ್ಷಗಟ್ಟಲೆ ಹಲಗೆ ಮುರಿದ ಕೈಗೆ ಪರೀಕ್ಷೆಯ ಅಗತ್ಯವೇ ಇರಲಿಲ್ಲ. ಚೆನ್ನಾಗಿದೆ ಎಂದು ಹೇಳಬೇಕಿತ್ತು, ಬಾಯಿ ಬರಲಿಲ್ಲ. "ತೇವದಲ್ಲಿ ನಿಲ್ಲಲಿ, ಆಮೇಲೆ ನೋಡೋಣ," ಅಂದೆ.

ತೇವದ ಪರೀಕ್ಷೆ ನನ್ನ ಜವಾಬ್ದಾರಿ. ಬೀರುವಿನಂಥ ಯಂತ್ರದೊಳಗೆ ಹಲಗೆಯನ್ನು ಚೌಕಟ್ಟಿಗೆ ಕೂರಿಸಿ, ಬಿಸಿ ತೇವ ತುಂಬಿ, ನಡು ಎಷ್ಟು ಇಳಿಯಿತು ಎಂದು ಅಳೆಯುವುದು. ನಿಯಮದ ಪ್ರಕಾರ ಮೂರು ದಿನ ಇಡಬೇಕು. ನಾನು ಆಕೆಯ ಹಲಗೆಯನ್ನು ಹನ್ನೆರಡು ದಿನ ಇಟ್ಟೆ. ಪಕ್ಕದಲ್ಲಿ ನನ್ನ ರೆಸಿನ್ ಹಲಗೆಯನ್ನೂ ಇಟ್ಟೆ. ಬೆಳಿಗ್ಗೆ ಬಂದವನೇ ಚಪ್ಪಲಿ ಬದಲಿಸುವ ಮುಂಚೆಯೇ ಗಾಜಿನಲ್ಲಿ ಇಣುಕುತ್ತಿದ್ದೆ. ಐದನೆಯ ದಿನ ಆಕೆಯ ಹಲಗೆಯ ಮೂಲೆಯಲ್ಲಿ ಕಪ್ಪು ಚುಕ್ಕೆ ಕಂಡಿತು. ಬೂಸ್ಟು! ಎದೆ ಹಿಗ್ಗಿತು. ಬಾಗಿಲು ತೆಗೆದು ಉಗುರಿನಲ್ಲಿ ಕೆರೆದು ನೋಡಿದರೆ ಮಾರ್ಕರ್ ಪೆನ್ನಿನ ಮಸಿ. ನಾನೇ ನಂಬರು ಬರೆಯುವಾಗ ತಾಗಿಸಿದ್ದು. ಹನ್ನೆರಡನೆಯ ದಿನ ನನ್ನ ಹಲಗೆಯ ನಡು ಇಳಿದಿತ್ತು. ಆಕೆಯದು ಸೆಟೆದು ಕೂತಿತ್ತು. ಅಳತೆಗಳನ್ನು ಮಾತ್ರ ಸುಳ್ಳು ಬರೆಯಲಿಲ್ಲ. ಹಾಗೆ ಬರೆಯುವ ಧೈರ್ಯ ನನಗಿರಲಿಲ್ಲ ಅಷ್ಟೇ.

ಮ್ಯಾನೇಜರು ಆ ಹಲಗೆಯನ್ನು ಹಿಡಿದುಕೊಂಡು ಕಾರ್ಖಾನೆಯೆಲ್ಲ ಓಡಾಡಿದರು. "ಪೇಟೆಂಟ್ ಹಾಕ್ಬೇಕು," ಅಂದರು. ಪೇಟೆಂಟ್ ಕಂಪನಿಯದಾದರೂ ಅದರಲ್ಲಿ ಶೋಧಕರು ಎಂದು ಆಕೆಯ ಹೆಸರು ಬರುತ್ತದೆ. ಆ ದಿನದಿಂದ ನನ್ನ ಕಿವಿ ಆಕೆಯ ಹೆಸರನ್ನೇ ಕಾಯತೊಡಗಿತು. ಕ್ಯಾಂಟೀನಿನಲ್ಲಿ ಎರಡು ಮೇಜು ಆಚೆ ಯಾರಾದರೂ ಆ ಹೆಸರೆತ್ತಿದರೆ ತುತ್ತು ಹಿಡಿದವನು ಹಾಗೇ ಕಿವಿಗೊಡುತ್ತಿದ್ದೆ. ಮ್ಯಾನೇಜರು ನನ್ನನ್ನು ಕರೆದು, "ನೀವೇ ಸೀನಿಯರ್ರು. ಇಂಥದ್ದು ಮೊದ್ಲೇ ಎಲ್ಲಾದ್ರೂ ಇದೆಯಾ ಹುಡುಕಿ. ಪೇಟೆಂಟ್ ಏಜೆಂಟ್ರಿಗೆ ಕೊಡ್ಬೇಕು," ಅಂದರು. ಹುಡುಕುವ ಕೆಲಸಕ್ಕೆ ನನ್ನಷ್ಟು ಉತ್ಸಾಹದ ಮನುಷ್ಯ ಅವರಿಗೆ ಸಿಗುತ್ತಿರಲಿಲ್ಲ.

ಹೊಸತಲ್ಲದ್ದಕ್ಕೆ ಪೇಟೆಂಟ್ ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನಮ್ಮ ದೇಶದ ಕಾನೂನಿನಲ್ಲಿ ಇನ್ನೊಂದು ಮಾತೂ ಇದೆ ಎಂದು ಆಗ ಓದಿ ತಿಳಿದೆ: ಜನ ಹಿಂದಿನಿಂದ ಮಾಡಿಕೊಂಡು ಬಂದ ಪಾರಂಪರಿಕ ತಿಳಿವಳಿಕೆಯನ್ನು ಯಾರೂ ತಮ್ಮ ಶೋಧ ಅಂತ ಬರೆಸಿಕೊಳ್ಳುವ ಹಾಗಿಲ್ಲ. ಓದಿದ ತಕ್ಷಣ ಕಂಬಳಿ ನೆನಪಾಯಿತು. ನನ್ನೂರು ಗುಬ್ಬಿ. ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯೊಂದರಲ್ಲಿ ಇನ್ನೂ ಕಂಬಳಿ ಮಗ್ಗ ಇದೆ ಎಂದು ನನಗೆ ಗೊತ್ತಿತ್ತು.

ಭಾನುವಾರ ಬೆಳಿಗ್ಗೆ ಬೈಕ್ ತೆಗೆದಾಗ ಹೆಂಡತಿ ಕೇಳಿದಳು. ಅವಳು ತುಮಕೂರಿನಲ್ಲೇ ಪ್ರೈಮರಿ ಸ್ಕೂಲ್ ಟೀಚರು. ಮಕ್ಕಳ ಮುಖ ನೋಡಿಯೇ ಕಳ್ಳರನ್ನು ಹಿಡಿಯುವವಳು.

"ರಜಾ ದಿನ ಎಲ್ಲಿಗ್ರೀ?"

"ಕಂಪನಿ ಕೆಲ್ಸ."

"ಆ ಹುಡುಗಿ ಪೇಟೆಂಟ್ ವಿಚಾರಾನಾ?"

"ಹೂಂ."

"ಅವ್ಳಿಗೆ ಸಿಗ್ಲಿ ಅಂತ ಹೋಗ್ತಿದೀರೋ, ಸಿಗ್ಬಾರ್ದು ಅಂತ್ಲೋ?"

ನಾನು ಹೆಲ್ಮೆಟ್ ಹಾಕಿಕೊಂಡೆ.

ಆ ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ನೂಲಿನ ಹಾಸು ಉದ್ದಕ್ಕೆ ಎಳೆದು ಕಟ್ಟಿತ್ತು. ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ನಾರಿನ ಕುಂಚದಲ್ಲಿ ಅಂಟು ಸವರುತ್ತಿದ್ದರು. ಪಕ್ಕದಲ್ಲಿ ಹಂಡೆ, ಅದರಲ್ಲಿ ಹುಣಸೆ ಬೀಜದ ಬಿಸಿ ಗಂಜಿ. ಕುರಿಯ ಉಣ್ಣೆಯ ಕಮಟು, ಗಂಜಿಯ ಹುಳಿವಾಸನೆ. ನಾನು ಫೋನ್ ತೆಗೆದು ರೆಕಾರ್ಡಿಗೆ ಹಾಕಿದೆ.

"ಅಜ್ಜಿ, ಇದನ್ನ ಎಷ್ಟು ವರ್ಷದಿಂದ ಬಳಿತಿದೀರಿ?"

"ಎಷ್ಟು ವರ್ಸ ಅಂದ್ರೆ ಏನ್ ಹೇಳ್ಲಿ ಕಣಪ್ಪ. ನಮ್ಮತ್ತೆ ಬಳಿತಿದ್ಲು, ಅವ್ರತ್ತೆ ಬಳಿತಿದ್ಲು. ಉಣ್ಣೆಗೆ ಇದ್ಬುಟ್ರೆ ಇನ್ನೊಂದಿಲ್ಲ."

ಇಷ್ಟು ಸಾಕಾಗಿತ್ತು. ಆಗಲೇ ಎದ್ದು ಬರಬೇಕಿತ್ತು. ಲ್ಯಾಬಿನವನ ಚಾಳಿ, ಇನ್ನೊಂದು ಕೇಳಿಬಿಟ್ಟೆ.

"ಬೇಯಿಸ್ದೆ ಹಸಿ ಹಿಟ್ಟನ್ನೇ ಹಾಕ್ಬೋದಾ ಅಜ್ಜಿ?"

ಅಜ್ಜಿ ಕುಂಚ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಹಸಿದಾ? ಯಾರ್ ಹೇಳ್ಕೊಟ್ರು ನಿಂಗೆ? ಹಸಿ ಹಿಟ್ಟು ನೀರಿಗೆ ಬಿದ್ರೆ ಲೋಳೆ ಆಯ್ತದೆ, ದಾರಕ್ಕೆ ಹಿಡಿಯಾಕಿಲ್ಲ. ಬೇಯಿಸ್ದೆ ಆಗೋ ಕೆಲ್ಸಾನೇ ಅಲ್ಲ ಬುಡು. ಬೇಯ್ಸಿದ್ರೂ ಅಷ್ಟೇ, ಹೊಸ ಕಂಬಳಿ ಮಳೇಲಿ ನೆಂದ್ರೆ ಅಂಟೆಲ್ಲ ಬುಟ್ಕತದೆ."

"ಬಿಳಿಗಾರ ಹಾಕಿ ನೋಡಿದೀರಾ?"

"ಅದು ಅಕ್ಕಸಾಲಿಗ್ರದ್ದಲ್ವಾ? ಕಂಬ್ಳಿಗ್ಯಾಕೆ?"

ಆಕೆಯ ಶೋಧವನ್ನು ಮುರಿಯಲು ಬಂದವನಿಗೆ ಅದರ ಕಾವಲುಗೋಡೆ ಸಿಕ್ಕಿತ್ತು. ತಲೆತಲಾಂತರದಿಂದ ಈ ಅಂಟನ್ನು ಕೈಯಲ್ಲಿ ಆಡಿಸಿದವರೇ ಹಸಿ ಹಿಟ್ಟು ಆಗುವುದಿಲ್ಲ ಅನ್ನುತ್ತಿದ್ದರು. ಆಕೆ ಅದನ್ನೇ ಮಾಡಿ ತೋರಿಸಿದ್ದಳು. ಅಜ್ಜಿಯ ಗಂಜಿ ನೀರಿಗೆ ಬಿಡುತ್ತಿತ್ತು. ಆಕೆಯದು ಹನ್ನೆರಡು ದಿನ ತೇವ ಕುಡಿದರೂ ಬಿಟ್ಟಿರಲಿಲ್ಲ.

ದಾರಿಯಲ್ಲಿ ಒಂದು ಟೀ ಅಂಗಡಿಯ ಮುಂದೆ ಬೈಕ್ ನಿಲ್ಲಿಸಿದೆ. ಟೀ ಹೇಳಿ, ಫೋನ್ ತೆಗೆದು ರೆಕಾರ್ಡನ್ನು ಕತ್ತರಿಸಿದೆ. "ಉಣ್ಣೆಗೆ ಇದ್ಬುಟ್ರೆ ಇನ್ನೊಂದಿಲ್ಲ" ಎಂಬಲ್ಲಿಗೆ ಮುಗಿಸಿದೆ. ಉಳಿದದ್ದನ್ನು ಅಳಿಸಿದೆ. ಏನು ಮಾಡುತ್ತಿದ್ದೇನೆಂದು ಆಗ ನನಗೆ ಚೆನ್ನಾಗಿ ಗೊತ್ತಿತ್ತು.

ಮುಂದಿನ ವಾರ ಬೆಂಗಳೂರಿನಿಂದ ಪೇಟೆಂಟ್ ಏಜೆಂಟರು ಬಂದರು. ನರೆತ ಗಡ್ಡದ, ನಿಧಾನವಾಗಿ ಮಾತಾಡುವ ಮನುಷ್ಯ. ಮ್ಯಾನೇಜರ ಕೋಣೆಯಲ್ಲಿ ನಾವು ನಾಲ್ವರೇ. ನನ್ನ ಸರದಿ ಬಂದಾಗ ಫೋನನ್ನು ಮೇಜಿನ ಮೇಲಿಟ್ಟೆ.

"ಸರ್, ಹೇಳೋಕೆ ಬೇಜಾರು. ಇದು ಹೊಸದಲ್ಲ. ಕಂಬಳಿ ನೇಯೋರು ತಲೆತಲಾಂತರದಿಂದ ಮಾಡ್ತಿದಾರೆ," ಎಂದು ರೆಕಾರ್ಡ್ ಹಾಕಿದೆ. ಅಜ್ಜಿಯ ದನಿ ಕೋಣೆಯಲ್ಲಿ ಕೇಳಿಸಿತು. ನಾನು ಆಕೆಯ ಮುಖವನ್ನೇ ನೋಡುತ್ತಿದ್ದೆ. ಆಕೆಯ ಮುಖ ಬಾಡಲಿಲ್ಲ; ತನ್ನ ಕಡೆಯ ಮಾತು ಕೇಳಿದವರಂತೆ ಅರಳಿತು.

"ಹೌದೌದು," ಅಂದರು ಏಜೆಂಟರು. "ಮೇಡಂ ಅವ್ರೇ ಮೊದಲ್ನೇ ಪುಟದಲ್ಲಿ ಬರೆದಿದಾರೆ. ಕಂಬಳಿಯಿಂದ್ಲೇ ಈ ಯೋಚನೆ ಬಂತು ಅಂತ."

ನನ್ನ ಬ್ರಹ್ಮಾಸ್ತ್ರ ಆಕೆಯ ಕಾಗದದ ಮೊದಲ ಪ್ಯಾರಾ ಆಗಿತ್ತು.

ಏಜೆಂಟರು ಬಿಡಿಸಿ ಹೇಳಿದರು. ಹುಣಸೆ ಅಂಟು ಹಳೆಯದು, ಅದಕ್ಕೆ ಪೇಟೆಂಟ್ ಕೇಳಿದರೆ ಕೊಡುವುದಿಲ್ಲ, ಕೊಡಲೂಬಾರದು. ಗೊತ್ತಿರುವ ಎರಡು ವಸ್ತು ಸುಮ್ಮನೆ ಬೆರೆಸಿದರೂ ಆಗುವುದಿಲ್ಲ. ಆದರೆ ಬಲ್ಲವರಿಗೂ ಹೊಳೆಯದ ಒಂದು ಹೆಜ್ಜೆ ಇಟ್ಟಿದ್ದರೆ, ಅದರಿಂದ ಯಾರೂ ನಿರೀಕ್ಷಿಸದ ಫಲ ಬಂದಿದ್ದರೆ, ಆ ಹೆಜ್ಜೆಗೆ ಕೇಳಬಹುದು.

"ಹಸಿ ಹಿಟ್ಟು, ಬಿಳಿಗಾರ. ಇದೇ ಆ ಹೆಜ್ಜೆ," ಅಂದರು. "ಕಂಬಳಿಯವ್ರು ಹಸಿ ಹಿಟ್ಟು ಬಳಸ್ತಾರಾ ಮೇಡಂ?"

ಆಕೆ ಯೋಚಿಸಿದಳು. "ನಾನು ನೋಡಿದಾಗ ಬೇಯಿಸ್ತಿದ್ರು ಸರ್. ನಮ್ಮಜ್ಜಿ ಹೋಗಿ ತುಂಬಾ ದಿನ ಆಯ್ತು. ಬೇರೆ ಕಡೆ ಯಾರೂ ಹಸಿದು ಬಳಸಲ್ಲ ಅಂತ ನಾನು ಹೆಂಗೆ ಹೇಳ್ಲಿ?"

ಏಜೆಂಟರು ನನ್ನ ಕಡೆ ತಿರುಗಿದರು. "ನೀವು ಹೋಗಿದ್ರಲ್ಲ, ಕೇಳಿದ್ರಾ?"

ಮೂವರೂ ನನ್ನನ್ನು ನೋಡುತ್ತಿದ್ದರು. ಹೌದು ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಒಳ್ಳೆಯವನೂ ಅನ್ನಿಸಿಕೊಳ್ಳುತ್ತಿದ್ದೆ.

"ಇಲ್ಲ ಸರ್. ಕೇಳ್ಲಿಲ್ಲ," ಅಂದೆ.

"ಹಂಗಾದ್ರೆ ನಾವೇ ಹೋಗಿ ಕೇಳ್ಕೊಂಡು ಬರ್ತೀವಿ," ಅಂದಳು ಆಕೆ ಥಟ್ಟನೆ. "ಸರ್‌ಗೆ ಮನೆ ಗೊತ್ತಿದೆಯಲ್ಲ."

ಶನಿವಾರ ಕಂಪನಿಯ ಜೀಪಿನಲ್ಲಿ ಹೊರಟೆವು. ಆಕೆ ಹಿಂದೆ ಕೂತು ಪ್ರಶ್ನೆಗಳನ್ನು ಬರೆದುಕೊಳ್ಳುತ್ತಿದ್ದಳು. ನಾನು ಡ್ರೈವರ್ ಪಕ್ಕದಲ್ಲಿ ಕೂತು ಬೆವರುತ್ತಿದ್ದೆ. ಗುಬ್ಬಿ ದಾಟಿದ ಮೇಲೆ ರಸ್ತೆ ಕವಲೊಡೆಯುತ್ತದೆ. ಎಡಕ್ಕೆ ಹೋಗು ಅಂದರೆ ಬೇರೆ ಊರು ಸಿಗುತ್ತದೆ; ಅಲ್ಲಿ ಮಗ್ಗ ನಿಂತು ಎಷ್ಟೋ ವರ್ಷವಾಗಿದೆ. ಅಜ್ಜಿ ಮಗಳ ಮನೆಗೆ ಹೋಗಿದ್ದಾರಂತೆ, ಇನ್ನೊಂದು ದಿನ ಬರೋಣ ಅನ್ನಬಹುದಿತ್ತು. ಆ ಮಾತು ನಾಲಿಗೆ ತುದಿಗೂ ಬಂದಿತ್ತು. ಡ್ರೈವರು "ಯಾವ ಕಡೆ ಸರ್?" ಅಂದ. "ಬಲಕ್ಕೆ," ಅಂದೆ. ಯಾಕೆ ಹಾಗಂದೆ ಎಂದು ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಒಳ್ಳೆಯತನದಿಂದ ಅಂತ ಹೇಳಿಕೊಂಡರೆ ಸುಳ್ಳಾಗುತ್ತದೆ. ಆ ಹಲಗೆ ಚೆನ್ನಾಗಿತ್ತು. ಅದು ನನ್ನ ಕೈಗೆ ಗೊತ್ತಿತ್ತು.

ಅಜ್ಜಿ ಜಗುಲಿಯ ಮೇಲೆ ಕೂತು ಉಣ್ಣೆ ಬಿಡಿಸುತ್ತಿದ್ದರು. ಆಕೆ ಪಕ್ಕದಲ್ಲೇ ಕೂತು, ತಾನೂ ಒಂದು ಹಿಡಿ ಉಣ್ಣೆ ತೆಗೆದುಕೊಂಡು ಬಿಡಿಸುತ್ತಾ ಮಾತಿಗಿಳಿದಳು. ಯಾವೂರು, ಯಾರ ಮನೆಯವಳು ಎಂದೆಲ್ಲ ಅಜ್ಜಿ ವಿಚಾರಿಸಿದರು. ಆಮೇಲೆ ಆಕೆ ಪ್ರಶ್ನೆ ಕೇಳಿದಳು.

ಅಜ್ಜಿ ನನ್ನ ಕಡೆ ಕೈ ತೋರಿಸಿದರು. "ಅಯ್ಯೋ, ಅವತ್ತೇ ಇವಪ್ಪಂಗೆ ಹೇಳಿದ್ನಲ್ಲವ್ವ! ಹಸಿ ಹಿಟ್ಟು ಆಗಾಕಿಲ್ಲ ಅಂತ. ಬಿಳಿಗಾರ ಹಾಕ್ಬೋದಾ ಅಂತ್ಲೂ ಕೇಳ್ದ. ಮರ್ತ್ಬುಟ್ನಾ?"

ಆಕೆಯ ಕೈಯಲ್ಲಿದ್ದ ಉಣ್ಣೆ ನಿಂತಿತು. ನನ್ನನ್ನು ನೋಡಿದಳು. ನಾನು ಹಟ್ಟಿಯ ಕಡೆ ತಿರುಗಿ ಕುರಿಮರಿಗಳನ್ನು ನೋಡಿದೆ. ಆಕೆ ಮತ್ತೆ ಅಜ್ಜಿಯ ಕಡೆ ತಿರುಗಿ, ಎಲ್ಲವನ್ನೂ ಮೊದಲಿನಿಂದ ಕೇಳಿ, ಬರೆದುಕೊಂಡು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಂಡಳು. ಈ ಮಾತುಗಳನ್ನು ಎಲ್ಲಿ, ಯಾತಕ್ಕೆ ಬಳಸುತ್ತೇವೆ ಎಂದು ವಿವರಿಸಿದಳು. "ನಿಮ್ಮ ಕಂಬ್ಳಿ ಕೆಲ್ಸಕ್ಕೆ ಇದ್ರಿಂದ ಯಾವ ಅಡ್ಡೀನೂ ಇಲ್ಲ ಅಜ್ಜಿ, ಅದನ್ನೂ ಬರೆಸ್ತೀನಿ," ಅಂದಳು. ಅಜ್ಜಿ ಮಜ್ಜಿಗೆ ಕೊಟ್ಟರು. ನನಗೆ ಕುಡಿಯಲಾಗಲಿಲ್ಲ.

ಜೀಪಿನಲ್ಲಿ ವಾಪಸ್ ಹೊರಟೆವು. ಗುಬ್ಬಿಯ ರೈಲ್ವೆ ಗೇಟು ಹಾಕಿತ್ತು. ಅಲ್ಲಿ ನಿಂತಾಗ ಆಕೆ ಹಿಂದಿನಿಂದ ಅಂದಳು: "ಕೆಲ್ಸದ ಗಡಿಬಿಡೀಲಿ ಮರ್ತಿರ್ತೀರಿ ಬಿಡಿ ಸರ್."

ಬೈದಿದ್ದರೆ ವಾಸಿಯಿತ್ತು. ಆ ಕ್ಷಣದಲ್ಲೂ ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚೇ ಆಯಿತು. ಶೋಧವೂ ಆಕೆಯದು, ದೊಡ್ಡ ಮನಸ್ಸೂ ಆಕೆಯದೇ ಎಂದು.

ಅರ್ಜಿ ಹೋಯಿತು. ಕಳಿಸುವ ಮುಂಚೆ ಏಜೆಂಟರು ಫೋನ್ ಮಾಡಿ ನನ್ನ ತೇವದ ಪರೀಕ್ಷೆಯನ್ನು ಹೊಗಳಿದರು. ಮೂರು ದಿನದ ಜಾಗದಲ್ಲಿ ಹನ್ನೆರಡು ದಿನದ ಅಂಕಿ, ಪಕ್ಕದಲ್ಲೇ ರೆಸಿನ್ ಹಲಗೆಯ ಅಂಕಿ, ಇಂಥ ಪುರಾವೆ ಕಡಿಮೆ ಸಿಗುತ್ತದೆ ಅಂದರು. ಆಗ ಆಕೆ, "ಸರ್ ಹೆಸರನ್ನೂ ಶೋಧಕರ ಜೊತೆ ಹಾಕ್ಬೋದಲ್ವಾ?" ಎಂದು ಕೇಳಿದಳು. ಏಜೆಂಟರು ಆಗುವುದಿಲ್ಲ ಅಂದರು. ಪರೀಕ್ಷೆ ಮಾಡಿದವರು ಶೋಧಕರಲ್ಲ. ಯೋಚನೆ ಯಾರದೋ ಅವರ ಹೆಸರಷ್ಟೇ ಬರಬೇಕು. ಸ್ಪೀಕರಿನಲ್ಲಿ ಆ ಮಾತು ಕೇಳಿ, "ಸರಿ ಸರ್, ನಂದೇನೂ ಇಲ್ಲ ಅದ್ರಲ್ಲಿ," ಎಂದು ನಾನೇ ಹೇಳಿದೆ. ಹೇಳುವಾಗ ನಗುವುದಕ್ಕೂ ಪ್ರಯತ್ನಪಟ್ಟೆ.

ಪೇಟೆಂಟ್ ಕಚೇರಿ ಸುಲಭಕ್ಕೆ ಒಪ್ಪಲಿಲ್ಲ. ಪಾರಂಪರಿಕ ಜ್ಞಾನ ಎಂದು ಆಕ್ಷೇಪ ಬಂತು, ಬರೀ ಬೆರಕೆ ಎಂದೂ ಬಂತು. ಒಂದೊಂದು ಆಕ್ಷೇಪ ಬಂದಾಗಲೂ ನನ್ನೊಳಗೆ ಹಬ್ಬದ ಹಾಗಿರುತ್ತಿತ್ತು. ಕೊನೆಗೆ ಹಲಗೆಯ ವಸ್ತುವಿಗೆ ಕೇಳಿದ ಹಕ್ಕನ್ನು ಕೈಬಿಟ್ಟು, ಬಿಳಿಗಾರದಲ್ಲಿ ನೆನೆಸಿ ಡ್ರೈಯರಿನಲ್ಲಿ ಅರಳಿಸುವ ವಿಧಾನವೊಂದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಅಜ್ಜಿಯ ಹೆಬ್ಬೆಟ್ಟಿನ ಕಾಗದವೇ ವಿಚಾರಣೆಯ ದಿನ ಕೆಲಸಕ್ಕೆ ಬಂತಂತೆ. ಅಷ್ಟರಲ್ಲಿ ಮೂರು ವರ್ಷ ಕಳೆದಿತ್ತು. ಆಕೆಗೆ ಬಡ್ತಿಯಾಗಿ, ಲ್ಯಾಬೆಲ್ಲ ಆಕೆಯ ಕೈಕೆಳಗೆ ಬಂದಿತ್ತು. ನನ್ನ ರಜಾ ಚೀಟಿಗೆ ಈಗ ಆಕೆಯೇ ಸಹಿ ಹಾಕುತ್ತಾಳೆ.

ಕಳೆದ ವರ್ಷ ಕುಣಿಗಲ್‌ನ ಸಭಾಂಗಣವೊಂದಕ್ಕೆ ಆ ಹಲಗೆಗಳನ್ನು ಕೂರಿಸಿದರು. ಉದ್ಘಾಟನೆಗೆ ಆಕೆಯನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಮೈಕಿನಲ್ಲಿ ಮಾತಾಡಿದ್ದು ಒಂದಕ್ಷರವೂ ಚೆಲ್ಲದೆ ಹಿಂದಿನ ಸಾಲಿಗೂ ಕೇಳಿಸುತ್ತಿತ್ತು. ಆಕೆ ಕಂಬಳಿ ನೇಯುವ ಅಜ್ಜಿಯರಿಗೆ ನಮಸ್ಕಾರ ಹೇಳಿದಳು. "ನನಗೆ ಕೆಲಸ ಕಲಿಸಿದ ಸರ್ ಇಲ್ಲೇ ಕೂತಿದಾರೆ," ಅಂದಾಗ ಜನ ತಿರುಗಿ ನೋಡಿದರು. ನನಗೆ ಎದ್ದು ಹೊರಗೆ ಹೋಗಿಬಿಡೋಣ ಅನ್ನಿಸಿತು.

ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣದ ಹೊರಗಿನ ಮೆಟ್ಟಿಲ ಮೇಲೆ ಆಕೆ ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಳು. ಹತ್ತಿರ ಹೋದೆ.

"ಅವತ್ತು ನಾನು ಮರ್ತಿರ್ಲಿಲ್ಲಮ್ಮ. ಬೇಕಂತ್ಲೇ ಅಳಿಸ್ದೆ."

ಆಕೆ ತಟ್ಟೆಯನ್ನೇ ನೋಡಿದಳು. "ಗೊತ್ತು ಸರ್. ಮನೆಗೋಗಿ ಅತ್ತಿದ್ದೆ. ಒಂದು ತಿಂಗ್ಳು ನಿಮ್ಮ ಮುಖ ನೋಡೋಕೆ ಆಗ್ಲಿಲ್ಲ ನಂಗೆ."

"ಮತ್ತೆ ಯಾರ್ಗೂ ಯಾಕೆ ಹೇಳ್ಲಿಲ್ಲ?"

"ಹೇಳ್ಬೇಕು ಅಂತ ಮ್ಯಾನೇಜರ್ ರೂಮ್ ಬಾಗ್ಲವರ್ಗೂ ಹೋಗಿದ್ದೆ. ಆದ್ರೆ ಡ್ರೈವರ್ರು ಕೇಳ್ದಾಗ ನೀವು ಬಲಕ್ಕೆ ಅಂದ್ರಲ್ಲ, ಅದು ನೆನಪಾಯ್ತು. ವಾಪಸ್ ಬಂದೆ." ಉಪ್ಪಿಟ್ಟು ಕೆದಕುತ್ತಾ, "ಇನ್ನೂ ಪೂರ್ತಿ ಮರೆತಿಲ್ಲ ಸರ್, ಸುಳ್ಳು ಯಾಕೆ ಹೇಳ್ಲಿ," ಅಂದಳು.

ನನಗೂ ಪೂರ್ತಿ ಹೋಗಿಲ್ಲ ಎಂದು ನಾನು ಹೇಳಲಿಲ್ಲ. ಆಕೆಗೆ ಅದೂ ತಿಳಿದಿರಬಹುದು. ಒಳಗಿನಿಂದ ಯಾರೋ ಆಕೆಯನ್ನು ಫೋಟೊಗೆ ಕರೆದರು. ಉಪ್ಪಿಟ್ಟಿನ ತಟ್ಟೆ ನನ್ನ ಕೈಗೆ ಕೊಟ್ಟು, ಶಾಲು ಸರಿಮಾಡಿಕೊಂಡು ಒಳಗೆ ಹೋದಳು. ಆಕೆ ಬರುವವರೆಗೂ ನಾನು ಅದನ್ನು ಹಿಡಿದುಕೊಂಡು ಮೆಟ್ಟಿಲ ಮೇಲೆ ನಿಂತಿದ್ದೆ.